ಐದು ಗಂಟೆಯ ಬಿಸಿನೀರು

ನಾನು ಕೈ ಹಾಕಿದ ಕೆಲಸ ಕೆಡದೆ ಉಳಿದದ್ದು ಕಡಿಮೆ. ಬೆಂಗಳೂರಿನಲ್ಲಿ ಕೆಡುತ್ತಿತ್ತು, ಕಂಪನಿಯವರು ನೈರೋಬಿಗೆ ಕಳಿಸಿದ ಮೇಲೆ ಇಲ್ಲೂ ಕೆಡುತ್ತಾ ಬಂದಿದೆ. ಅಪ್ಪರ್ ಹಿಲ್ಲಿನ ಆಫೀಸಿನಲ್ಲಿ ನನ್ನ ಕೆಲಸ ಏನಪ್ಪಾ ಅಂದರೆ, ಮೊಬೈಲ್ ಟವರುಗಳ ಗಡಿಯಾರಗಳೆಲ್ಲ ಒಂದೇ ಸಮಯ ತೋರಿಸುವ ಹಾಗೆ ನೋಡಿಕೊಳ್ಳುವುದು. ಮನೆಯ ಗೀಸರಿನ ವಿಷಯ ಮಾತ್ರ ಕೇಳಬೇಡಿ. ಕೇಳದಿದ್ದರೂ ಹೇಳುತ್ತೇನೆ.

ಹಳೇ ಟೈಮರ್

ಹರ್ಲಿಂಗ್‌ಹ್ಯಾಮಿನ ನಮ್ಮ ಬಾಡಿಗೆ ಫ್ಲ್ಯಾಟಿನಲ್ಲಿ ಗೀಸರಿಗೆ ಒಂದು ಟೈಮರ್ ಇತ್ತು. ನನಗಿಂತ ಹಿರಿಯದಿರಬೇಕು. ದುಂಡನೆಯ ಬಿಲ್ಲೆ, ಸುತ್ತಲೂ ಗಂಟೆಗಳ ಅಂಕಿ. ಯಾವ ಹೊತ್ತಿಗೆ ನೀರು ಕಾಯಬೇಕೋ ಅಲ್ಲಿಗೆ ಒಂದು ಪುಟ್ಟ ಕಡ್ಡಿ ಒತ್ತಬೇಕು. ಕರೆಂಟು ಹೋದರೆ ಅದೂ ನಿಂತುಬಿಡುತ್ತಿತ್ತು, ಬಂದ ಮೇಲೆ ನಿಂತ ಕಡೆಯಿಂದಲೇ ತಿರುಗುತ್ತಿತ್ತು. ಹಾಗಾಗಿ ನಾಳೆ ಬಿಸಿನೀರು ಎಷ್ಟು ಹೊತ್ತಿಗೆ ಅಂತ ತಿಳಿಯಬೇಕಾದರೆ, ಆ ವಾರ ಎಷ್ಟು ಹೊತ್ತು ಕರೆಂಟು ಹೋಗಿತ್ತು ಅಂತ ಕೂಡಿಸಬೇಕಿತ್ತು. ನಾನು ಕೂಡಿಸುತ್ತಿದ್ದೆ. ಹೆಂಡತಿ ಅದನ್ನು ನಂಬದೆ ನಲ್ಲಿಗೆ ಕೈ ಒಡ್ಡಿ ನೋಡುತ್ತಿದ್ದಳು. ಅವಳ ಲೆಕ್ಕವೇ ಸರಿಯಾಗುತ್ತಿತ್ತು.

ನಾನೇ ಹಾಕ್ತೀನಿ

ಆ ಜುಲೈನಲ್ಲಿ ಅತ್ತೆ ಮೈಸೂರಿನಿಂದ ಬರುವುದೆಂದಾಯಿತು. ಅಳಿಯನ ಮನೆಗೆ ಮೊದಲ ಸಲ. ಅವರು ಬೆಳಿಗ್ಗೆ ಐದಕ್ಕೆ ಸ್ನಾನ ಮಾಡಿ ಪೂಜೆಗೆ ಕೂರುವವರು, ಜುಲೈನಲ್ಲಿ ಇಲ್ಲಿ ನಡುಗಿಸುವ ಚಳಿ. ಹೆಂಡತಿ ನನ್ನನ್ನು ಕೇಳದೆ ವಾಟ್ಸಾಪಿನಲ್ಲಿ ಮಾತು ಕೊಟ್ಟುಬಿಟ್ಟಳು: "ಅಮ್ಮಾ, ಐದಕ್ಕೆ ಸರಿಯಾಗಿ ಬಿಸಿನೀರು ಇರುತ್ತೆ. ನಿನ್ನ ಅಳಿಯ ಎಂಜಿನಿಯರ್ ಅಲ್ವಾ?" ಮರ್ಯಾದೆ ಪ್ರಶ್ನೆಯಾಯಿತು.

ಹೊಸ ಡಿಜಿಟಲ್ ಟೈಮರ್ ತಂದೆ. ಹಳೆಯದನ್ನು ಬಿಚ್ಚುವ ಮೊದಲು, ಮರೆಯಬಾರದೆಂದು ವೈರುಗಳಿಗೆ ಒಂದು, ಎರಡು, ಮೂರು ಅಂತ ಚೀಟಿ ಅಂಟಿಸಿದೆ. ಬಿಚ್ಚಿ ಮುಗಿಸಿದಾಗ ಚೀಟಿಗಳೆಲ್ಲ ನನ್ನ ಅಂಗೈಗೆ ಅಂಟಿಕೊಂಡಿದ್ದವು. ಅಂದಾಜಿನ ಮೇಲೆ ಜೋಡಿಸಿ ಸ್ವಿಚ್ ಒತ್ತಿದೆ. ನಮ್ಮ ಮನೆಯ ಕರೆಂಟು ಹೋಯಿತು, ಮೇಲಿನ ಮನೆಯವರದೂ ಹೋಯಿತು. ಅವರು ಬಾಲ್ಕನಿಗೆ ಬಂದು, ಈ ಕರೆಂಟಿನವರ ಮನೆ ಹಾಳಾಗ ಅಂತ ಬಯ್ಯತೊಡಗಿದರು. ನಾನೂ ನಮ್ಮ ಬಾಲ್ಕನಿಗೆ ಹೋಗಿ ಜೊತೆಗೆ ಬಯ್ದೆ.

ನನ್ನ ಸ್ವಾಹಿಲಿ

ಹೆಂಡತಿ ಫುಂಡಿಯನ್ನು ಕರೆಸಿದಳು. ಇಲ್ಲಿ ಏನೇ ರಿಪೇರಿ ಮಾಡುವವರಿರಲಿ, ಎಲ್ಲರೂ ಫುಂಡಿಯೇ. ಬಂದಾತ ನಡುವಯಸ್ಸಿನ ಗಂಭೀರ ಮನುಷ್ಯ, ಇಂಗ್ಲಿಷ್ ನನಗಿಂತ ಚೆನ್ನಾಗಿತ್ತು. ಆದರೆ ನಾನು ಮೂರು ತಿಂಗಳು ಸ್ವಾಹಿಲಿ ಕಲಿತಿದ್ದೆ, ಹೆಂಡತಿ ಬೇರೆ ಎದುರಿಗಿದ್ದಳು. ಸುಮ್ಮನಿರಲಾಗಲಿಲ್ಲ.

"ಸಾ ತಾನೋ ಅಸುಬುಹಿ" ಅಂದೆ. ಬೆಳಿಗ್ಗೆ ಐದು ಗಂಟೆಗೆ ಅಂತ.

ಆತ ಕೆಲಸ ನಿಲ್ಲಿಸಿ ನನ್ನ ಮುಖ ನೋಡಿದ. ಅಷ್ಟು ಹೊತ್ತಿಗಾ ಅಂತ ಕೇಳಿದ. ನಮ್ಮತ್ತೆ ದಿನಾ ಸ್ನಾನ ಮಾಡೋದೇ ಆವಾಗ ಅಂದೆ. ಸವಾ, ಆಗಲಿ ಅಂದ. ಹೆಂಡತಿ ಬೆರಗಾಗಿ ನನ್ನನ್ನೇ ನೋಡುತ್ತಿದ್ದಳು. ಮದುವೆಯಾದ ಮೇಲೆ ಆ ನೋಟ ನಾನು ಕಂಡದ್ದು ಅದೇ ಮೊದಲು, ಅದೇ ಕೊನೆ.

ಇಂಗು

ಅತ್ತೆ ಬಂದರು. ಮೊದಲ ದಿನ ಐದಕ್ಕೆ ನಲ್ಲಿ ತಿರುಗಿಸಿದರೆ ಕೊರೆಯುವ ತಣ್ಣೀರು. ಸ್ವಲ್ಪ ಬಿಡಿ ಅತ್ತೆ, ಬರುತ್ತೆ ಅಂದೆ. ಬಿಟ್ಟರು. ಟ್ಯಾಂಕಿನ ನೀರೇ ಮುಗಿಯಿತು. ಅವರು ಬಕೆಟ್ಟಿನಲ್ಲಿದ್ದ ತಣ್ಣೀರಿನಲ್ಲೇ ಸ್ನಾನ ಮುಗಿಸಿ, ಎಂದಿನಂತೆ ಪೂಜೆಗೆ ಕೂತರು. ಶ್ಲೋಕ ಮಾತ್ರ ನಡುಗುತ್ತಿತ್ತು. ಬೈದಿದ್ದರೆ ವಾಸಿಯಿತ್ತು, ನನಗೆ ನಿಜವಾಗಿ ಸಂಕಟವಾಯಿತು.

ಎರಡನೆಯ ದಿನ ನಾಲ್ಕೂವರೆಗೇ ಎದ್ದು, ಮನೆಯಲ್ಲಿದ್ದ ಅತಿ ದೊಡ್ಡ ಪಾತ್ರೆಯಲ್ಲಿ ಗ್ಯಾಸಿನ ಮೇಲೆ ನೀರು ಕಾಯಿಸಿ ಕೊಟ್ಟೆ. ಸ್ನಾನ ಮಾಡಿ ಬಂದ ಅತ್ತೆ ಬಲು ಮೃದುವಾಗಿ ಕೇಳಿದರು: "ಸ್ನಾನದ ನೀರಿಗೆ ಇಂಗು ಹಾಕೋದು ಈ ದೇಶದ ಪದ್ಧತಿಯೇ?"

ಸಾರಿನ ಪಾತ್ರೆ ಅದು.

ಸಂಪ್ರದಾಯಸ್ಥ

ಮೂರನೆಯ ದಿನ ಹೆಂಡತಿ ಆಫೀಸಿಗೆ ಫೋನ್ ಮಾಡಿದಳು. ಹನ್ನೊಂದೂಕಾಲು ಗಂಟೆ. ಪಾತ್ರೆ ತೊಳೆಯಲು ನಲ್ಲಿ ತಿರುಗಿಸಿದರೆ ಕೈ ಸುಡುವ ಬಿಸಿನೀರಂತೆ. ನಾನು ಫುಂಡಿಗೆ ಫೋನ್ ಮಾಡಿ, ಐದು ಅಂದರೆ ಹನ್ನೊಂದಕ್ಕೆ ಇಟ್ಟಿದ್ದೀಯಲ್ಲಯ್ಯಾ ಅಂತ ರೇಗಾಡಿದೆ. ಆತ ತಾಳ್ಮೆಯಿಂದ ಇಂಗ್ಲಿಷಿನಲ್ಲೇ ವಿವರಿಸಿದ. ಸ್ವಾಹಿಲಿಯಲ್ಲಿ ಗಂಟೆ ಎಣಿಸುವುದು ಬೆಳಿಗ್ಗೆ ಆರರಿಂದ. ನಮ್ಮ ಏಳು ಅವರಿಗೆ ಒಂದು, ನಮ್ಮ ಹನ್ನೊಂದು ಅವರಿಗೆ ಐದು. ನಾನು ಬಾಯಿಬಿಟ್ಟು ಕೇಳಿದ ಹೊತ್ತಿಗೇ ಆತ ಇಟ್ಟಿದ್ದ. ಮೂರು ತಿಂಗಳ ಕ್ಲಾಸಿನಲ್ಲಿ ಈ ಪಾಠ ಬಂದ ದಿನ ನಾನು ಹೋಗಿರಲಿಲ್ಲ.

ಸಂಜೆ ಅತ್ತೆಗೆ ಹೇಳಿದರೆ ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಪಂಚಾಂಗದಲ್ಲೂ ಘಳಿಗೆ ಎಣಿಸೋದು ಸೂರ್ಯೋದಯದಿಂದಲೇ ಅಲ್ಲವೇ ಅಂದರು. "ಪಾಪ, ಸಂಪ್ರದಾಯಸ್ಥ ಮನುಷ್ಯ. ಆತನನ್ನು ಯಾಕೆ ಬೈದಿರಿ?"

ಎಂಟು ಗಂಟೆ

ಫೋನಿಡುವ ಮೊದಲು ಫುಂಡಿ, ನಾಳೆ ಎಂಟಕ್ಕೆ ಬಂದು ಸರಿಮಾಡುತ್ತೇನೆ ಅಂದಿದ್ದ. ಈ ಸಲ ನಾನು ಮೋಸ ಹೋಗಲಿಲ್ಲ. ಎಂಟಕ್ಕೆ ಆರು ಸೇರಿಸಿದೆ. ಮಧ್ಯಾಹ್ನ ಎರಡು. ಬಾಸಿಗೆ ಹೇಳಿ ಅರ್ಧ ದಿನ ರಜ ಹಾಕಿ, ಎರಡಕ್ಕೆ ಐದು ನಿಮಿಷ ಮುಂಚೆಯೇ ಮನೆಯಲ್ಲಿದ್ದೆ.

ಅತ್ತೆ ಸೋಫಾದಲ್ಲಿ ಕಾಫಿ ಕುಡಿಯುತ್ತಿದ್ದರು. ಆತ ಬೆಳಿಗ್ಗೆ ಎಂಟಕ್ಕೇ ಬಂದು ಹೋದನಲ್ಲ ಅಂದರು. ಇಂಗ್ಲಿಷಿನಲ್ಲಿ ಹೇಳಿದ ಎಂಟು ಬರೀ ಎಂಟೇ ಅಂತ ಆಗ ಹೊಳೆಯಿತು.

ಆತ ಬಂದಾಗ ಹೆಂಡತಿ ನಮ್ಮ ಮಗಳನ್ನು ಸ್ಕೂಲಿಗೆ ಬಿಡಲು ಹೋಗಿದ್ದಳು. ಅತ್ತೆಗೆ ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದು. ಆತನನ್ನು ಗೋಡೆ ಗಡಿಯಾರದ ಹತ್ತಿರ ಕರೆದುಕೊಂಡು ಹೋಗಿ ಐದರ ಮೇಲೆ ಬೆರಳಿಟ್ಟರಂತೆ. ಕಿಟಕಿಯಾಚೆ ತೋರಿಸಿ ಕಣ್ಣು ಮುಚ್ಚಿದರಂತೆ, ಇನ್ನೂ ಕತ್ತಲೆ ಅಂತ. ಆಮೇಲೆ ಸೆರಗು ಹೊದ್ದು ನಡುಗಿ ತೋರಿಸಿದರಂತೆ. ಎರಡು ನಿಮಿಷದಲ್ಲಿ ಕೆಲಸ ಮುಗಿಯಿತು.

"ಒಂದೇ ಒಂದು ವಿಷಯ ಆತನಿಗೆ ಗೊತ್ತಾಗಬೇಕಿತ್ತು" ಅಂದರು ಅತ್ತೆ. "ಹನ್ನೊಂದರ ಮೇಲೆ ಬೆರಳಿಟ್ಟು, ಮೊದಲು ಇದನ್ನು ಹೇಳಿದ್ದು ಯಾಕೆ ಅಂತ ಸನ್ನೆಯಲ್ಲೇ ಕೇಳಿದ."

"ಅದಕ್ಕೆ ನೀವು ಹೇಗೆ ಉತ್ತರ ಕೊಟ್ಟಿರಿ ಅತ್ತೆ?"

ಅತ್ತೆ ಲೋಟ ಕೆಳಗಿಟ್ಟರು.

"ಅದೇನು ಕಷ್ಟ? ಗೋಡೆ ಮೇಲಿರೋ ನಿಮ್ಮ ಫೋಟೋ ತೋರಿಸಿದೆ."