ಮಾವನ ದಾರದ ಮೂರು ಗಂಟು

ನನ್ನ ಸೋದರಮಾವನ ಪಕ್ಕ ಕೂತು ಉಂಡವರು ಬದುಕಿ ಎದ್ದು ಬಂದದ್ದೇ ದೊಡ್ಡದು! ಮನುಷ್ಯ ಕೆಟ್ಟವನಲ್ಲ. ಬಳ್ಳಾರಿಯ ಮೆಡಿಕಲ್ ಕಾಲೇಜೊಂದರ ಅನಾಟಮಿ ವಿಭಾಗದಲ್ಲಿ ಮೂವತ್ತು ವರ್ಷ ಅಟೆಂಡರ್ ಆಗಿದ್ದವನು. ಮನುಷ್ಯರ ಅಂಗಾಂಗ ಇಟ್ಟ ಗಾಜಿನ ಸೀಸೆಗಳನ್ನು ಒರೆಸುತ್ತ ಒರೆಸುತ್ತ ಅರ್ಧ ಡಾಕ್ಟರಾದ. ಉಳಿದರ್ಧವನ್ನು ನಮ್ಮ ಮೇಲೆ ಪ್ರಯೋಗ ಮಾಡಿ ಕಲಿತ.

ಅವನ ಅಂಗಿಯ ಜೇಬಿನಲ್ಲಿ ಸದಾ ಒಂದು ಕರಿ ದಾರ, ಅದಕ್ಕೆ ಮೂರು ಗಂಟು. ಒಂದು ತುದಿಯನ್ನು ನಮ್ಮ ಮುಂದಿನ ಹಲ್ಲಿಗೆ ಹಿಡಿದು ಎದೆಯ ಮೇಲೆ ಇಳಿಬಿಟ್ಟನೆಂದರೆ ಪಾಠ ಶುರು.

“ನೋಡ್ಲೇ, ಅನ್ನನಾಳ ಅಂದ್ರ ಬಚ್ಚಲ ಪೈಪಲ್ಲ. ಮೂರು ಕಡಿ ಬಿಗೀತೈತಿ. ಮೊದಲನೇ ಗಂಟು ಗಂಟಲದಾಗ. ಎರಡನೇದು ಎದಿಯಾಗ, ಅಲ್ಲಿ ದೊಡ್ಡ ರಕ್ತನಾಳ ಒತ್ತತೈತಿ. ಮೂರನೇದು ಎದಿ-ಹೊಟ್ಟಿ ನಡುವಿನ ಪರದಿ, ಡಯಾಫ್ರಮ್ಮಿನ ತೂತು, ಅದನ್ನ ದಾಟಿದ್ರಷ್ಟ ಹೊಟ್ಟಿ. ಸಿಕ್ಕೊಂಡ್ರ ಇಲ್ಲೇ ಸಿಕ್ಕೊಳ್ಳೋದು!”

ಬಾಯಲ್ಲಿ ಮಿರ್ಚಿ ಭಜಿ ಇಟ್ಟುಕೊಂಡು ಇದನ್ನು ಕೇಳಿದವನ ಗತಿ ಏನು? ಅವತ್ತಿನಿಂದ ನಾನು ಪ್ರತಿ ತುತ್ತಿನ ಹಿಂದೆಯೂ ಮನಸ್ಸಿನಲ್ಲೇ ಓಡುತ್ತೇನೆ. ಒಂದು ದಾಟಿತು, ಎರಡು ದಾಟಿತು, ಅಯ್ಯೋ, ಮೂರು?

ಕುರುಗೋಡಿನಲ್ಲಿ ಒಂದು ಮದುವೆ. ಹೋಳಿಗೆ ಬಡಿಸುವ ಹೊತ್ತಿಗೆ ಸರಿಯಾಗಿ ಮಾವ ದಾರ ತೆಗೆದ. ಎರಡೇ ನಿಮಿಷ, ಇಡೀ ಸಾಲು ಉಣ್ಣುವುದು ಬಿಟ್ಟು ಎದೆ ಮುಟ್ಟಿ ನೋಡಿಕೊಳ್ಳತೊಡಗಿತು. ಹುಡುಗಿಯ ಅಪ್ಪ ಗಾಬರಿಯಾಗಿ ಓಡಿ ಬಂದ.

“ಯಾಕ್ರೀ, ಹೋಳಿಗಿ ಚೊಲೊ ಆಗಿಲ್ಲೇನ್ರಿ?”

“ಹೋಳಿಗಿ ಚೊಲೊ ಐತ್ರಿ, ದಾರಿ ಸಣ್ಣದೈತಿ,” ಅಂದ ಮಾವ, ತಾನು ಮಾತ್ರ ನಾಲ್ಕನೆಯದಕ್ಕೆ ತುಪ್ಪ ಹಾಕಿಸಿಕೊಳ್ಳುತ್ತ!

ಅಂಥವನ ಸಿರುಗುಪ್ಪದ ಮನೆಗೆ ಕಳೆದ ಚಳಿಗಾಲದಲ್ಲಿ ಹೋದೆ. ಅತ್ತೆ ನನಗೆ ಗರಿಗರಿ ಜೋಳದ ರೊಟ್ಟಿ ಹಾಕಿದರು, ಮಾವನಿಗೆ ಸಾರಿನಲ್ಲಿ ಮುರಿದು ನೆನೆಸಿದ್ದು. ಹಲ್ಲಿನ ತೊಂದರೆ ಇರಬೇಕು ಅಂದುಕೊಂಡೆ. ಮಾವ ದಾರ ತೆಗೆಯಲಿಲ್ಲ. ಒಂದು ತುತ್ತು, ಮೇಲೆ ಅರ್ಧ ಲೋಟ ನೀರು, ಆಮೇಲೆ ಎದೆ ಒತ್ತಿಕೊಂಡು ಗೋಡೆ ನೋಡುವುದು.

ಅತ್ತೆ ಒಳಗೆ ಹೋದಾಗ ಚೇಷ್ಟೆಗೆ ಕೇಳಿದೆ, “ಎಷ್ಟನೇ ಗಂಟ್ರಿ ಮಾವ?”

ಮಾವ ನಗಲಿಲ್ಲ. “ಮೂರನೇದು. ಮೂರು ತಿಂಗಳಾತು. ನಿಮ್ಮತ್ತಿಗೆ ಹಲ್ಲಿನ ನೋವು ಅಂದೇನಿ, ಖರೇ ಹೇಳಬ್ಯಾಡ.”

ನಾನು ರೊಟ್ಟಿ ಕೆಳಗಿಟ್ಟೆ. “ಡಾಕ್ಟರಿಗೆ ತೋರಿಸಬೇಕಿಲ್ಲೇನ್ರಿ?”

“ನಮ್ಮ ಕಾಲೇಜಿನ್ಯಾಗ ಒಂದು ಸೀಸೆ ಇತ್ತಲೇ. ಇದ ಜಾಗದಾಗ ಗಡ್ಡಿ ಬೆಳದ ಅನ್ನನಾಳ. ಮೂವತ್ತು ವರ್ಷ ನಾನ ಒರಸೇನಿ. ಈಗ ಕಣ್ಣು ಮುಚ್ಚಿದ್ರ ಅದ ಕಾಣತೈತಿ.”

ಊರನ್ನೆಲ್ಲ ಹೆದರಿಸಿದವನು ತಾನೇ ಹೀಗೆ ಹೆದರಿದ್ದನ್ನು ನೋಡಲಾಗಲಿಲ್ಲ. ಬ್ರೂಸ್‌ಪೇಟೆಯಲ್ಲಿ ಅಂಗಡಿ ಸುತ್ತಿ ಚಾದರ ತರುವ ನೆಪವನ್ನು ಅತ್ತೆಗೆ ಹೇಳಿ ಅವನನ್ನು ಬಳ್ಳಾರಿಗೆ ಕರೆದೊಯ್ದೆ. ಆಸ್ಪತ್ರೆಯಲ್ಲಿ ಗಂಟಲೊಳಗೆ ಇಳಿಸುವ ಕ್ಯಾಮೆರಾದ ನಳಿಕೆ ಕಂಡದ್ದೇ ಮಾವ ಡಾಕ್ಟರಿಗೇ ದಾರ ಹಿಡಿದು ತೋರಿಸಿದ. “ಮೂರನೇ ಗಂಟಿನ ತನಕ ಸಾವಕಾಶ ಬಿಡ್ರಿ ಸಾಹೇಬ್ರ.” ಹೊರಗೆ ಕೂತ ನನಗೆ ಕುಡಿದ ನೀರು ಮೊದಲನೇ ಗಂಟನ್ನೂ ದಾಟಲಿಲ್ಲ.

ಒಳಗಿಂದ ಒಂದು ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು. ಆ ಒಂದು ವಾರ ಹೇಗೆ ಕಳೆದೆನೋ! ಕೊನೆಗೆ ವರದಿ ಬಂತು: ಗಡ್ಡೆಯಲ್ಲ. ಹೊಟ್ಟೆಯ ಹುಳಿ ವರ್ಷಗಟ್ಟಲೆ ಮೇಲೆ ಉಕ್ಕಿ, ಗಾಯ ಮಾಡಿ, ನಾಳ ಬಿಗಿದಿತ್ತು. ಬಲೂನು ಇಳಿಸಿ ಹಿಗ್ಗಿಸಿದರು. ಅವತ್ತೂ ಅದೇ ನೆಪ, ಮನೆಯಲ್ಲಿ ಹೊಸ ಚಾದರ ಎರಡಾದವು.

ರೊಟ್ಟಿ ತಿನ್ನಬಹುದೆಂದು ಡಾಕ್ಟರು ಹೇಳಿದ ದಿನ ನಾನೂ ಸಿರುಗುಪ್ಪಕ್ಕೆ ಹೋದೆ. ಊಟಕ್ಕೆ ಕೂತ ಮಾವ ಎಲ್ಲ ಹೇಳಿಬಿಡಲು ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ಅತ್ತೆ ಕೇಳಿದರು:

“ಇವತ್ತು ರೊಟ್ಟಿ ನೆನಿಸದ ಹಂಗ ಕೊಡ್ಲೇನ್ರಿ?”

ಮಾವ ಕೈಯಲ್ಲಿದ್ದ ಲೋಟ ಕೆಳಗಿಟ್ಟ. “ನಿನಗ... ಗೊತ್ತಿತ್ತೇನ?”

“ಇಷ್ಟು ದಿನ ರೊಟ್ಟಿ ನೆನಿಸಿ ಕೊಟ್ಟಾಕಿ ನಾನು. ನೀವು ಎದಿ ಒತ್ತಿಕೊಳ್ಳೋದೂ ಕಂಡೇನಿ, ಈಗ ಅದು ನಿಂತದ್ದೂ ಕಂಡೇನಿ. ನೀವಾಗೇ ಹೇಳಲಿ ಅಂತ ಕಾದೆ.”

ಆಗಲೇ ನಾವಿಬ್ಬರೂ ಅತ್ತೆಯ ಮುಖ ಸರಿಯಾಗಿ ನೋಡಿದ್ದು. ಕೆನ್ನೆ ಒಳಗೆ ಹೋಗಿತ್ತು, ಕೈಬಳೆಗಳು ಮೊಣಕೈತನಕ ಜಾರುತ್ತಿದ್ದವು.

“ನೀನ್ಯಾಕ ಹಿಂಗಾಗೀದಿ?” ಅಂದ ಮಾವ.

“ನಿಮಗ ಇಳಿಲಾರದ್ದು ನನಗ ಹೆಂಗ ಇಳೀತೈತ್ರಿ?”

ಮಾವನ ಕೈ ಜೇಬಿನತ್ತ ಹೋಯಿತು, ಅಲ್ಲೇ ನಿಂತಿತು. ದಾರ ತೆಗೆಯಲಿಲ್ಲ. ಗರಿಗರಿ ರೊಟ್ಟಿಯ ಚೂರು ಮುರಿದು, ಮೊದಲು ಅತ್ತೆಯ ಬಾಯಿಗೆ ಹಿಡಿದ.

“ನುಂಗು. ನಾ ಇಲ್ಲೇ ಅದೀನಿ.”