ಅಂಬರಾಯನ ಹಾಲಿಲ್ಲದ ರವಿವಾರ

"ಈ ಮನ್ಯಾಗ ಈ ಎಮ್ಮಿ ಇರಬೇಕು, ಇಲ್ಲಾ ನಾ ಇರಬೇಕು! ಇವತ್ತ ಫೈಸಲಾ ಆಗಬೇಕು!"

"ಎಮ್ಮಿ ಹಾಲ ಕೊಡ್ತದ. ನೀವೇನ ಕೊಡ್ತೀರಿ, ಅದನ್ನ ಹೇಳ್ರಿ ಮೊದಲ!"

ರವಿವಾರ ಬೆಳಿಗ್ಗೆ, ಇನ್ನೂ ಮುಖಕ್ಕೆ ನೀರು ಬಿದ್ದಿರಲಿಲ್ಲ. ವಾಡಿ ಊರಲ್ಲಿ ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಗಣಿಯ ಆಳುಗಳ ಮುಕಾದಮ ಅಂಬರಾಯ ಮತ್ತು ಅವನ ಹೆಂಡತಿ ಮಾಳಮ್ಮ ಅಂಗಳದಲ್ಲಿ ಎದುರುಬದುರು ನಿಂತಿದ್ದರು. ನಡುವೆ ಎಮ್ಮೆ. ಅಂಬರಾಯ ನೀಲಿ ಹಾಕಿ ಒಣಗಲು ಹರವಿದ್ದ ಬಿಳಿ ರುಮಾಲಿನ ಮುಕ್ಕಾಲು ಪಾಲು ಅದರ ಹೊಟ್ಟೆಗೆ ಹೋಗಿತ್ತು. ಉಳಿದದ್ದನ್ನು ಎಲೆ ಅಡಿಕೆ ಮೆಲ್ಲುವ ಗೌಡಸಾನಿಯಂತೆ ಕಣ್ಣು ಅರೆ ಮುಚ್ಚಿ ಮೆಲ್ಲುತ್ತಿತ್ತು. ಅಂಬರಾಯ ತುದಿ ಹಿಡಿದು ಜಗ್ಗಿದ. ರುಮಾಲು ಪರ್ರನೆ ಹರಿಯಿತು. ಒಂದು ಚೂರು ಎಮ್ಮೆಯ ಕೊಂಬಿಗೆ ಸುತ್ತಿಕೊಂಡಿತು, ಒಂದು ದಾರ ಇವನ ಕೈಯಲ್ಲಿ ಉಳಿಯಿತು.

"ನಿಮ್ಮವ್ವ ಕೊಟ್ಟ ಎಮ್ಮಿ ಇದು! ಅಕಿಯಂಗೇ ಅದ ಇದರ ಸ್ವಭಾವ!"

"ನಮ್ಮವ್ವನ ಹೆಸರ ತೆಗೀಬ್ಯಾಡ್ರಿ! ಬೆಳಗಾದ್ರ ಹಾಲಿನ ಚಹಾ ಬೇಕು, ರೊಟ್ಟಿ ಮ್ಯಾಲ ಬೆಣ್ಣಿ ಬೇಕು, ಹಿಂಡಿಗಿ ಮಸರ ಬೇಕು, ಮಕ್ಕೊಳ್ಳೋ ಮುಂದ ಮಜ್ಜಗಿ ಬೇಕು. ಎಮ್ಮಿ ಮಾತ್ರ ಬ್ಯಾಡ! ಇವತ್ತೊಂದಿನ ದೀಪ ಹಚ್ಚೂತನಕ ಹಾಲು, ಮಸರು, ತುಪ್ಪ ಬಾಯಿಗಿ ಹಚ್ಚದ ಇರ್ರಿ ನೋಡೋಣ. ಉಪಾಸ ಇರೂದಲ್ಲ ಮತ್ತ. ಹೊಟ್ಟಿ ತುಂಬ ಉಂಡು ತೇಗಕೋತ ಬರಬೇಕು. ಹಂಗ ಬಂದ್ರ ನನ್ನ ಕೈಲೆ ನಾನೇ ಎಮ್ಮಿ ಬಿಚ್ಚಿ ಮಾರತೀನಿ. ಆಗಲಿಲ್ಲಂದ್ರ ಸೆಗಣಿ ಬಳಿಯೂದು, ಹಾಲ ಹಿಂಡೂದು ಎಲ್ಲಾ ನಿಮ್ದು. ಸಾಯೂತನಕ!"

"ನಾ ಸಾಕ್ಷಿ ಅದೀನಿ ಅಕ್ಕಾ," ಅಂತ ಪಕ್ಕದ ಮನೆಯ ಉಮಾದೇವಿಯ ತಲೆ ಗೋಡೆಯ ಮೇಲೆ ಮೂಡಿತು. ಆ ತಲೆ ಮೊದಲಿನಿಂದಲೂ ಗೋಡೆಯ ಆಚೆಗೇ ಇತ್ತು. ಈಗ ಎದ್ದು ನಿಂತಿತು, ಅಷ್ಟೇ.

"ಒಪ್ಪಿದೆ!" ಅಂತ ಗುಡುಗಿ ಅಂಬರಾಯ ತಗಡಿನ ಗೇಟಿಗೆ ಒದ್ದ. ಗೇಟು ತೆರೆಯಿತು, ಚಿಲಕ ಮುರಿಯಿತು, ಬಲಗಾಲಿನ ಚಪ್ಪಲಿ ಹಾರಿ ತಿಪ್ಪೆಯಲ್ಲಿ ಹೂತುಹೋಯಿತು. ಅದನ್ನು ಹುಡುಕುತ್ತ ಹೆಂಡತಿಯ ಮುಂದೆ ಬಗ್ಗಿ ನಿಲ್ಲುವುದೆಂದರೆ ಅಲ್ಲೇ ಸೋತಂತೆ. ಎಡಗಾಲಿನದನ್ನೂ ಕಿತ್ತು ಅದೇ ತಿಪ್ಪೆಗೆ ಎಸೆದು ಹೊರಟ. ತಲೆಗೆ ರುಮಾಲಿಲ್ಲ, ಕಾಲಿಗೆ ಚಪ್ಪಲಿಯಿಲ್ಲ, ಗಡ್ಡ ಕೆರೆದಿಲ್ಲ. ಕಣ್ಣು ಮಾತ್ರ ಕೆಂಡ.

ಸ್ಟೇಷನ್ ಎದುರಿನ ಅಲ್ಲಾವುದ್ದೀನನ ಅಂಗಡಿಯಲ್ಲಿ ಹಾಲು, ಸಕ್ಕರೆ, ಪುಡಿ ಎಲ್ಲ ಒಂದೇ ಪಾತ್ರೆಯಲ್ಲಿ ಕುದಿಯುತ್ತಿದ್ದವು.

"ಹಾಲ ಇಲ್ದ ಚಾ ಮಾಡು."

"ಹಾಲ ಇಲ್ದ? ಯಾಕ ಅಂಬರಾಯಣ್ಣ, ತಬಿಯತ್ ಖರಾಬ್ ಅದ ಏನು?"

"ತಬಿಯತ್ ಛಲೋ ಅದ. ಕೇಳಬ್ಯಾಡ, ಮಾಡು."

ಅಲ್ಲಾವುದ್ದೀನ ಅವನ ಬರಿದಲೆ ನೋಡಿದ, ಬರಿಗಾಲು ನೋಡಿದ. ಜಾಲರಿ ಹಿಡಿದ ಕೈ ನಿಂತಿತು. ಬೇರೆ ಪಾತ್ರೆ ತೊಳೆದು ಚಹಾ ಕಾಯಿಸಿ, ನಿಂಬೆ ಹಿಂಡಿ, ತಾನೇ ತಂದುಕೊಟ್ಟ. ರೊಕ್ಕ ಕೊಡಲು ಹೋದರೆ ಎರಡೂ ಕೈ ಅಡ್ಡ ಮಾಡಿದ. "ಇವತ್ತ ನಿಮ್ಮ ಕಡಿಂದ ಹ್ಯಾಂಗ ತಗೋಲಿ ಅಣ್ಣಾ. ಧೈರ್ಯ ಇರಲಿ."

ಒಂದು ಲೋಟ ಕರಿ ಚಹಾ ಕುಡಿಯಲು ಎಂಥ ಧೈರ್ಯ ಬೇಕೋ ಅಂಬರಾಯನಿಗೆ ತಿಳಿಯಲಿಲ್ಲ. ಆದರೂ ಒಂದು ಗೆದ್ದೆ ಎಂದುಕೊಂಡು ನಾಷ್ಟಾ ಹುಡುಕಿ ಹೊರಟ.

ಫಲಕಕ್ಕೆ ಬಣ್ಣದ ಬಲ್ಬು ಹಚ್ಚಿದ್ದ ದೊಡ್ಡ ಹೋಟೆಲಿಗೆ ನುಗ್ಗಿದ. ಇಡ್ಲಿ ಕೇಳಿದರೆ ಚಟ್ನಿಗೆ ಮೊಸರು ಕಲಸಿದೆ ಎಂದರು. ಉಪ್ಪಿಟ್ಟು ಕೇಳಿದರೆ ತುಪ್ಪದ್ದು ಎಂದರು. ಪುರಿಯ ಹಿಟ್ಟು ಹಾಲಲ್ಲಿ ನಾದಿದ್ದಂತೆ. "ನಮ್ಮಲ್ಲಿ ನೀರು ಬಿಟ್ರ ಎಲ್ಲಾ ಹಾಲು ತುಪ್ಪದ್ದೇ," ಅಂತ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನು ಎದೆಯುಬ್ಬಿಸಿದ. "ಹಂಗಿದ್ರ ನೀವೂ ಒಂದ ಎಮ್ಮಿ ಕಟ್ಟಿ ಅದರ ಬಾಜೂನೇ ಕುಂದರ್ರಿ," ಅಂದು ಅಂಬರಾಯ ಹೊರಬಿದ್ದ.

ಕಾಶಪ್ಪನ ಗಾಡಿ ಸಿಕ್ಕಾಗ ಅಂಬರಾಯನ ಹೊಟ್ಟೆ ರೈಲಿನಂತೆ ಸಿಳ್ಳೆ ಹಾಕುತ್ತಿತ್ತು. ಮಂಡಕ್ಕಿ ನೆನೆಸಿ ಒಗ್ಗರಣೆ ಹಾಕಿದ ಸುಸಲಾ ಮತ್ತು ಮಿರ್ಚಿ ಭಜಿಯಲ್ಲಿ ಕಾಶಪ್ಪನನ್ನು ಮೀರಿಸಿದವರಿಲ್ಲ.

"ಒಗ್ಗರಣಿ ಎಣ್ಣ್ಯಾಗೋ, ತುಪ್ಪದಾಗೋ?"

"ತುಪ್ಪದಾಗ ಮಾಡೋ ತಾಕತ್ತಿದ್ರ ನಾ ಯಾಕ ಗಟಾರದ ಬಾಜೂಕ ಗಾಡಿ ಹಚ್ಚತಿದ್ದೆ?"

ಅಂಬರಾಯ ನೆಮ್ಮದಿಯಾಗಿ ಸುಸಲಾ ಬಾಯಿಗೆ ಹಾಕಿ ಮಿರ್ಚಿ ಕಚ್ಚಿದ. ಆ ದಿನದ ಮೆಣಸಿನಕಾಯಿಗೆ ಯಾರ ಮೇಲೆ ಸಿಟ್ಟಿತ್ತೋ. ನಾಲಿಗೆಯಿಂದ ನೆತ್ತಿಯವರೆಗೆ ಬೆಂಕಿ ಎದ್ದಿತು, ಎರಡೂ ಕಣ್ಣಲ್ಲಿ ನೀರು ದಳದಳ ಇಳಿಯಿತು. ಕಾಶಪ್ಪ ಗಾಬರಿಯಾಗಿ ಮಜ್ಜಿಗೆಯ ಗ್ಲಾಸು ಚಾಚಿದ.

"ಬ್ಯಾಡ! ಮಜ್ಜಗಿ ಮುಟ್ಟೂ ಹಂಗಿಲ್ಲ ನಾ!"

ಕಾಶಪ್ಪ ಗ್ಲಾಸು ಕೆಳಗಿಟ್ಟ. ಬರಿದಲೆ, ಬರಿಗಾಲು, ಕಣ್ಣೀರು. ಅವನೂ ರೊಕ್ಕ ಮುಟ್ಟಲಿಲ್ಲ. ಅಂಬರಾಯ ಆಚೆ ಹೋದದ್ದೇ ತಡ, ಗಾಡಿಯ ಒಲೆ ಸಣ್ಣ ಮಾಡಿ ಅಲ್ಲಾವುದ್ದೀನನ ಅಂಗಡಿಗೆ ಓಡಿದ.

ಇಲ್ಲಿ ಒಂದು ಮಾತು ಹೇಳಬೇಕು. ಆ ಓಣಿಗಳಲ್ಲಿ ಯಾರದಾದರೂ ಮನೆಯಲ್ಲಿ ಸಾವಾದರೆ, ಮೂರನೆಯ ದಿನ ಮಣ್ಣಿಗೆ ಹಾಲುತುಪ್ಪ ಬಿಡುವವರೆಗೂ ಆ ಮನೆಯವರು ಹಾಲು ತುಪ್ಪ ನಾಲಿಗೆಗೆ ಹಚ್ಚುತ್ತಿರಲಿಲ್ಲ. ಇದು ಅಂಬರಾಯನಿಗೂ ಗೊತ್ತಿದ್ದ ಮಾತೇ. ಆದರೆ ಅವನ ತಲೆಯಲ್ಲಿ ಆ ದಿನ ಎಮ್ಮೆಯೊಂದೇ ನಿಂತಿತ್ತು. ಎಮ್ಮೆ ನಿಂತ ಕಡೆ ಬೇರೆಯದಕ್ಕೆ ಜಾಗವೆಲ್ಲಿ?

ಮಧ್ಯಾಹ್ನ ಗುರುಲಿಂಗಯ್ಯನ ಖಾನಾವಳಿಗೆ ಹೋದ. ಗುರುಲಿಂಗಯ್ಯ ಜಂಗಮ. ಉಣಬಡಿಸುವ ಕೈಯಿಂದಲೇ ವಾಡಿಯ ಅರ್ಧ ಜನಕ್ಕೆ ಮದುವೆಯ ಅಕ್ಷತೆ ಹಾಕಿದವನು, ಕೊನೆಯ ವಿಭೂತಿ ಹಚ್ಚಿದವನು. ತಾಟಿಗೆ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆ, ಪುಂಡಿಪಲ್ಲೆ, ಶೇಂಗಾ ಹಿಂಡಿ, ಉಳ್ಳಾಗಡ್ಡಿ ಬಂದವು. ನೋಡಿದರೆ ಹಾಲಿನ ಹನಿಯಿಲ್ಲ. ಇಷ್ಟು ರುಚಿಯ ಊಟಕ್ಕೆ ಎಮ್ಮೆಯ ಹಂಗೇ ಇಲ್ಲವಲ್ಲ ಎಂದು ಅಂಬರಾಯ ಮೊದಲ ತುತ್ತು ಎತ್ತಿದ್ದೇ ಹಿಂದಿನಿಂದ ಬಡಿಸುವವನು ತುಪ್ಪದ ಚಮಚ ಹಿಡಿದು ಬಂದ. ಅಂಬರಾಯ ಮರಿ ಕಾಯುವ ಕೋಳಿಯಂತೆ ತಾಟಿನ ಮೇಲೆ ಎರಡೂ ಕೈ ಹರವಿದ. ತುಪ್ಪ ಕೈಯ ಮೇಲೆ ಬಿತ್ತು. "ನನಗ ತುಪ್ಪ ನಡ್ಯಾಂಗಿಲ್ಲೋ!" ಅಂತ ಕೂಗಿ ಎದ್ದು ಹೋಗಿ ಕೈ ತೊಳೆದು ಬಂದ.

ಗುರುಲಿಂಗಯ್ಯ ಬಂದು ಪಕ್ಕದಲ್ಲಿ ಕುಳಿತು ಬೆನ್ನ ಮೇಲೆ ಕೈಯಿಟ್ಟ. "ಮನಸ ಗಟ್ಟಿ ಮಾಡ್ಕೋ ಅಂಬರಾಯ. ಯಾರ ಸಲುವಾಗಿ ಇದೆಲ್ಲಾ?"

ಎಮ್ಮೆ, ರುಮಾಲು, ಚಪ್ಪಲಿ ಎಲ್ಲವೂ ಒಟ್ಟಿಗೆ ಅಂಬರಾಯನ ಗಂಟಲಿಗೆ ಬಂದವು. "ಇನ್ಯಾರ ಸಲುವಾಗಿ ಅಯ್ಯನೋರೆ? ನಮ್ಮತ್ತಿ ಸಲುವಾಗಿ! ಎಲ್ಲಾ ಅಕಿ ಸಲುವಾಗೇ!"

"ಹೀರಾಬಾಯಿ? ಸುಲೇಪೇಟದಕಿ? ಶಿವಶಿವಾ. ಗಟ್ಟಿ ಹೆಂಗಸ ಇದ್ದಳು."

"ಭಾಳ ಗಟ್ಟಿ!" ಅಂದ ಅಂಬರಾಯ ಹಲ್ಲು ಕಡಿದು. ಮತ್ತೆ ಎರಡು ರೊಟ್ಟಿ ಹಾಕಿಸಿಕೊಂಡ. ದುಃಖದಲ್ಲಿ ಕೆಲವರಿಗೆ ಹಸಿವು ಹೆಚ್ಚು ಎಂದು ಗುರುಲಿಂಗಯ್ಯ ತಾನೇ ಬಡಿಸಿದ.

ಓಣಿಗೊಂದು ಎಸ್‌ಟಿಡಿ ಬೂತು ಎದ್ದಿದ್ದ ಕಾಲ ಅದು. ಗುರುಲಿಂಗಯ್ಯ ನೇರ ಬೂತಿಗೆ ಹೋಗಿ ಸುಲೇಪೇಟದ ತನ್ನ ಪರಿಚಯದ ಕಿರಾಣಿ ಅಂಗಡಿಗೆ ಫೋನು ಹಚ್ಚಿ, "ಅಂಬರಾಯನ ಮನಿ ಸಾವಿನ ಮಣ್ಣು ಎಷ್ಟೊತ್ತಿಗಿ?" ಎಂದು ಕೇಳಿದ. ಅಂಗಡಿಯವನು ಫೋನಿಟ್ಟು ನೋಡಿದರೆ ಹೀರಾಬಾಯಿ ಎದುರಿಗೇ ಬೆಲ್ಲ ತೂಗಿಸುತ್ತ ನಿಂತಿದ್ದಾಳೆ. ಅತ್ತೆ ಜೀವಂತ ಇದ್ದಾಳೆ, ಅಂದಮೇಲೆ ಹೋದವನು ಅಳಿಯನೇ. ಅಂಗಡಿಯವನು ತಕ್ಕಡಿ ಬಿಟ್ಟು ಗೋಳೋ ಎಂದ.

ಇತ್ತ ಗುರುಲಿಂಗಯ್ಯ ಜನ ಕಟ್ಟಿಕೊಂಡು ಮಾಳಮ್ಮನಿಗೆ ಸುದ್ದಿ ಹೇಳಲು ಹೊರಟ. ಹೊಟ್ಟೆ ತುಂಬಿದ ಅಂಬರಾಯ ಇದ್ಯಾವುದೂ ಗೊತ್ತಿಲ್ಲದೆ ಸ್ಟೇಷನ್ನಿನ ಬೇವಿನ ಕಟ್ಟೆಯ ಮೇಲೆ ಗೊರಕೆ ಹೊಡೆಯುತ್ತಿದ್ದ. ಸೂರ್ಯ ಇಳಿಯುವ ಮೊದಲು ಮನೆಗೆ ಹೋದರೆ ಮಾಳಮ್ಮ ಮಸಾಲೆ ಮಜ್ಜಿಗೆ ಮಾಡಿ ವಾಸನೆ ತೋರಿಸಿ ಸೋಲಿಸಿಯಾಳು ಎಂಬ ಹೆದರಿಕೆ ಅವನಿಗೆ.

ಮಬ್ಬುಗತ್ತಲಲ್ಲಿ ಎದ್ದು ನಡೆದ. ಅಲ್ಲಾವುದ್ದೀನನ ಅಂಗಡಿ ಮುಚ್ಚಿತ್ತು, ಕಾಶಪ್ಪನ ಗಾಡಿಯೂ ಇರಲಿಲ್ಲ. ಗಣಿಯ ರಸ್ತೆ ಕೂಡುವಲ್ಲಿ ಒಂದು ಎಮ್ಮೆ ದಾರಿಗೆ ಅಡ್ಡ ನಿಂತಿತ್ತು. ಕತ್ತಲಲ್ಲಿ ಕತ್ತಲೆಯೇ ನಿಂತಂತಿತ್ತು. ತಲೆಯ ಮೇಲೆ ಏನೋ ಬೆಳ್ಳಗೆ ಕಂಡಿತು. ಬೆಳ್ಳಕ್ಕಿ ಕೂತಿರಬೇಕು.

"ಇಲ್ಲೂ ನಿಮ್ಮ ಕಾಟ ಏನು? ಯಾವ ದರಿದ್ರದವರ ಎಮ್ಮಿನೋ!" ಅಂತ ದಿನದ ಸಿಟ್ಟೆಲ್ಲ ಬಲಗೈಗೆ ತಂದು ಅದರ ಪೃಷ್ಠಕ್ಕೆ ಒಂದು ಬಾರಿಸಿದ. ಎಮ್ಮೆ ಬಾಲವೆತ್ತಿ ಗಣಿಯ ಕಡೆ ಓಡಿತು. ಅಂಬರಾಯನಿಗೆ ಬೆಳಗಿನಿಂದ ಮೊದಲ ಸಲ ಮನಸ್ಸು ಹಗುರಾಯಿತು.

ಮನೆಯ ಮುಂದೆ ಅರ್ಧ ವಾಡಿ ಅವನ ದಾರಿ ಕಾಯುತ್ತ ಕುಳಿತಿತ್ತು. ಒಳಗೆ ದೀಪವಿಲ್ಲ. ಅಂಬರಾಯ ಮಾತು ಉಳಿಸಿಕೊಳ್ಳುವವನು. ಗೇಟಿನಲ್ಲಿ ನಿಂತು, ಹೆಂಡತಿಗೆ ಕೇಳುವಂತೆ, ಸುತ್ತಲಿನವರು ಬೆಚ್ಚುವಂತೆ ತೇಗಿದ.

ಮಾಳಮ್ಮ ಕೂದಲು ಕೆದರಿಕೊಂಡು ಓಡಿ ಬಂದಳು. "ಬೆಳಗಿಂದ ನಿಮಗ ಗೊತ್ತಿತ್ತಲ್ರೀ! ಎದ್ಯಾಗ ಇಟ್ಕೊಂಡು ತಿರಗ್ಯಾಡೀರಿ! ನನಗ ಹೇಳಲಾರದ ಎಮ್ಮಿ ನೆವ ಮಾಡಿ ಹೋದ್ರಿ! ಅವ್ವ ಹೋದಳಲ್ರೀ!"

"ಯಾವ ಅವ್ವ?"

"ನಮ್ಮವ್ವ!"

ಅಂಬರಾಯ ದೊಪ್ಪನೆ ಕುಳಿತ. ಅವನ ಜಗಳ ಎಮ್ಮೆಯ ಮೇಲಿತ್ತು, ಹೀರಾಬಾಯಿಯ ಮೇಲಲ್ಲ. ಬೆಳಿಗ್ಗೆ ಬಾಯಿ ಹರಿಬಿಟ್ಟ ದಿನವೇ ಹೀಗಾಯಿತಲ್ಲ ಎಂದು ಹಣೆ ಬಡಿದುಕೊಂಡ. ಈಗ ಮಿರ್ಚಿಯಿಲ್ಲದೆಯೇ ಕಣ್ಣೀರು ಬಂತು. "ಮಧ್ಯಾಹ್ನದಿಂದ ತಡದಿದ್ದ, ಈಗ ಕಟ್ಟಿ ಒಡೀತು," ಅಂದ ಗುರುಲಿಂಗಯ್ಯ.

ಅಷ್ಟರಲ್ಲಿ ಜೀಪೊಂದು ಬಂದು ನಿಂತಿತು. "ಅಯ್ಯೋ ನನ್ನ ಅಳಿಯಾ! ಮಗಳ ಬಾಳು ಬಯಲಾತಲ್ಲೋ!" ಅಂತ ಎದೆ ಬಡಿದುಕೊಳ್ಳುತ್ತ ಹೀರಾಬಾಯಿ ಇಳಿದಳು. ಜನ ಹೌಹಾರಿ ದಾರಿ ಬಿಟ್ಟರು. ಅಳುತ್ತ ಬಂದ ಅತ್ತೆ ಅಳುತ್ತ ಕುಳಿತ ಅಳಿಯನ ಮುಂದೆ ನಿಂತಳು. ಇಬ್ಬರ ಅಳುವೂ ಒಮ್ಮೆಗೇ ನಿಂತಿತು.

"ದೆವ್ವ!" ಅಂದರು ಇಬ್ಬರೂ.

ಯಾರು ಹೇಳಿದರು, ಯಾರಿಗೆ ಹೇಳಿದರು ಎಂದು ವಿಚಾರಣೆ ನಡೆದು ಎಲ್ಲರ ಬೆರಳೂ ಕೊನೆಗೆ ಅಂಬರಾಯನ ಕಡೆ ತಿರುಗಿದವು. ಹೀರಾಬಾಯಿಗೆ ಮಾತ್ರ ಸಿಟ್ಟು ಬರಲಿಲ್ಲ. "ಸತ್ತಳಂತ ಸುಳ್ಳ ಸುದ್ದಿ ಹುಟ್ಟಿದ್ರ ಆಯುಷ್ಯ ಹೆಚ್ಚಾಗ್ತದಂತ. ನನ್ನ ಅಳಿಯಾರು ನನಗ ಆಯುಷ್ಯ ಕೊಟ್ರು!" ಅಂತ ಹಿಗ್ಗಿದಳು.

"ಖರೆ," ಅಂದ ಗುರುಲಿಂಗಯ್ಯ. "ಆದ್ರ ದೀಪ ಹಚ್ಚೂಕಿಂತ ಮೊದಲ ಅಳಿಯ, ಅತ್ತಿ ಇಬ್ಬರೂ ಇದೇ ಮನಿ ಎಮ್ಮಿ ಹಾಲ ಒಂದೇ ತಂಬಿಗ್ಯಾಗ ಕುಡೀಬೇಕು. ಅಪಶಕುನ ಕಳೀತದ."

"ಮೊದಲ ದೀಪ ಹಚ್ಚರಿ!" ಅಂಬರಾಯ ನೆಗೆದು ನಿಂತ. "ಆಮ್ಯಾಲ ಕೊಡ ಗಟ್ಟಲೆ ಕುಡೀತೀನಿ!"

"ಯಾಕ ಅಳಿಯಾರೆ? ನಾ ಬದಕಿದ್ದು ನಿಮಗ ಸಂತೋಷ ಇಲ್ಲೇನು?"

ಅರ್ಧ ವಾಡಿ ಅವನನ್ನೇ ನೋಡಿತು. ಅಂಬರಾಯ ಹಲ್ಲು ಕಚ್ಚಿ, ತುಟಿ ಬಿಗಿದು, ಬೀಗ ಹಾಕಿದ ಪೆಟ್ಟಿಗೆಯಂತೆ ನಿಂತ. ಮಾಳಮ್ಮ ಕಣ್ಣೊರೆಸಿಕೊಂಡು ತಂಬಿಗೆ ಹಿಡಿದು ಕೊಟ್ಟಿಗೆಗೆ ಹೋದಳು. ಮರುಗಳಿಗೆ ತಾಯಿಗಾಗಿ ಅತ್ತದ್ದಕ್ಕಿಂತ ದೊಡ್ಡ ದನಿ ಎದ್ದಿತು.

"ಎಮ್ಮಿ ಇಲ್ಲ! ಗೂಟ ಕಿತ್ತಕೊಂಡು ಹೋಗ್ಯದ!"

"ಗೆದ್ದೆ!" ಅಂದುಬಿಟ್ಟ ಅಂಬರಾಯ.

ಬೀಗ ತೆರೆಯಬಾರದ ಹೊತ್ತಿನಲ್ಲಿ ತೆರೆದಿತ್ತು. ಉಮಾದೇವಿ ಮುಂದೆ ಬಂದಳು. "ಬೆಳಿಗ್ಗಿ ಒದ್ದು ಗೇಟಿನ ಚಿಲಕ ಮುರದವ್ರು ಇವರೇ. ನಾ ಸಾಕ್ಷಿ."

"ಕೊಂಬಿಗಿ ಬಿಳಿ ಅರಿವಿ ಸಿಕ್ಕಿತ್ತೇನವ್ವ?" ಜೀಪಿನ ಡ್ರೈವರ್ ಕೇಳಿದ. "ಈಗ ಬರೂ ಮುಂದ ಗಣಿ ಕಡಿ ಒಂದ ಎಮ್ಮಿ ಓಡಲಿಕತ್ತಿತ್ತು. ಯಾರೋ ಪಾಪಿ ಬಡದು ಓಡಿಸಿದಂಗಿತ್ತು."

ಬೆಳ್ಳಕ್ಕಿ! ಅಂಬರಾಯನ ಬಲ ಅಂಗೈ ಚುರ್ರೆಂದಿತು. ಮೆಲ್ಲಗೆ ಆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ಇದೊಂದು ಮಾತು ಮಾತ್ರ ಪ್ರಾಣ ಹೋದರೂ ಹೇಳುವುದಿಲ್ಲವೆಂದು ಅಲ್ಲೇ ಪಣ ತೊಟ್ಟ.

ಹೀರಾಬಾಯಿ ಒಳಗೆ ಹೋಗಿ ಅಂಬರಾಯನ ಮಂಚದ ಮೇಲೆ ಕಾಲು ಚಾಚಿ ಕುಳಿತಳು. "ನಾ ಕೊಟ್ಟ ಎಮ್ಮಿ ತಿರುಗಿ ಬರೂತನಕ ಈ ಮನಿ ಬಿಟ್ಟು ಹೋಗಾಂಗಿಲ್ಲ. ಹ್ಯಾಂಗೂ ಆಯುಷ್ಯ ಹೆಚ್ಚಾಗ್ಯದ, ನನಗೇನ ಅವಸರ ಇಲ್ಲ. ಮಾಳಿ, ದೀಪ ಹಚ್ಚು. ಉಮಾದೇವಿ ಮನಿಂದ ಹಾಲ ತಂದು ನನಗ ಚಾ ಮಾಡು. ಅಳಿಯಾರಿಗಿ ಹಾಲ ಹಾಕಬ್ಯಾಡ ಮತ್ತ, ಅವರು ಬಿಟ್ಟಾರಂತ."

ದೀಪ ಹತ್ತಿತು. ಅಂಬರಾಯನ ಮುಂದೆ ಕರಿ ಚಹಾ ಬಂದು ಕುಳಿತಿತು. ಮರುದಿನ ಬೆಳಿಗ್ಗೆಯೂ ಅದೇ ಬಂತು, ಅದರ ಮರುದಿನವೂ. ಪ್ರತಿ ರವಿವಾರ ಅವನು ಬಗಲಲ್ಲಿ ಹುಲ್ಲಿನ ಸಿವುಡು ಹಿಡಿದು ಗಣಿಗಣಿ ತಿರುಗಿ, "ಬಾರವ್ವಾ, ಬಾರ ನನ್ನವ್ವಾ" ಎಂದು ಕೂಗಿ ಬರುತ್ತಿದ್ದ. ಆ ಸಂಜೆ ಬಾಲವೆತ್ತಿ ಹೋದ ಎಮ್ಮೆ ಮಾತ್ರ ಮತ್ತೆ ಬರಲಿಲ್ಲ.