ಮಾವನ ಮೋಟಾರಿನ ಬಿಕ್ಕಳಿಕೆ

ಸೂಳೆಕೆರೆಯ ನಟ್ಟನಡುವೆ ಅತಿ ಹೆಚ್ಚು ಹೊತ್ತು ಕೆಲಸವಿಲ್ಲದೆ ಕೂತವರು ಯಾರು ಅಂತ ಪಂದ್ಯ ಕಟ್ಟಿದರೆ, ನಮ್ಮ ಸೋದರಮಾವನಿಗೆ ಸಮ ಬರುವವು ನೀರುಕಾಗೆಗಳು ಮಾತ್ರ. ಅವು ಮೀನಿಗಾಗಿ ಕೂರುತ್ತವೆ. ಮಾವ ಕೂರುತ್ತಿದ್ದುದು ಮೋಟಾರಿನ ಕೋಪ ಇಳಿಯಲಿ ಅಂತ!

ನ್ಯಾಮತಿಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟು, ಊರವರ ಬಾವಿಗಳಿಂದ ನೀರೆತ್ತಿಸಿಯೇ ತಲೆ ನೆರೆಸಿಕೊಂಡವರು ನಮ್ಮ ಮಾವ. ಇದ್ದಕ್ಕಿದ್ದಂತೆ ಒಂದು ದಿನ ದೋಣಿಯ ಹಿಂಬದಿಗೆ ಸಿಕ್ಕಿಸುವ ಪುಟ್ಟ ಮೋಟಾರು ತಂದರು. ತಂದದ್ದಾದರೂ ಎಲ್ಲಿಂದ? ಜಗಳೂರಿನ ಗುಜರಿಯಿಂದ! ಮಳೆಯೇ ದಾರಿ ತಪ್ಪುವ ಆ ಸೀಮೆಗೆ ದೋಣಿ ಮೋಟಾರು ಹೆಂಗೆ ಬಂತು ಮಾವ ಅಂದರೆ, "ಅದಕ್ಕೇ ಹೊಸದರಂಗೈತೆ ನೋಡು, ನೀರೇ ಮುಟ್ಟಿಲ್ಲ" ಅಂದರು.

ಇಷ್ಟಕ್ಕೆಲ್ಲ ಕಾರಣ ಅತ್ತೆ. ಅವರ ತವರು ಕೆರೆಯ ದಂಡೆಯ ಒಂದು ಹಳ್ಳಿ. ಬೆಳೆದದ್ದೆಲ್ಲ ಆ ನೀರಿನ ಎದುರಿಗೇ, ಆದರೆ ನಡುನೀರಿಗೆ ಒಮ್ಮೆಯೂ ಹೋದವರಲ್ಲ. ಈಚೆಗೆ ಕಣ್ಣಿನ ಡಾಕ್ಟರು, ದೃಷ್ಟಿ ನಿಧಾನಕ್ಕೆ ಮಂಜಾಗುತ್ತ ಹೋಗುತ್ತದೆ, ಹೋದದ್ದನ್ನು ವಾಪಸು ತರಲಾಗದು ಎಂದಿದ್ದರು. ಅವತ್ತಿನಿಂದ ಮಾವನದು ಒಂದೇ ಹಟ, ಕಾಣುವಷ್ಟು ಕಾಲದೊಳಗೆ ಇವಳಿಗೆ ನಡುಕೆರೆ ತೋರಿಸಬೇಕು! ಅತ್ತೆಗೋ ನೀರೆಂದರೆ ಎದೆ ಪುಕಪುಕ. ಆಚೆ ದಡ ಮುಟ್ಟಿ ಬರುವಾಗ ಮೋಟಾರು ಒಮ್ಮೆಯೂ ನಿಲ್ಲಬಾರದು, ಆಗ ದೋಣಿ ಹತ್ತುತ್ತೇನೆ ಅಂದರು.

ಅದು ನಿಲ್ಲದೆ ಇದ್ದರಲ್ಲವೇ! ದಡದಲ್ಲಿ ಬೆಸ್ತರಿಂದ ಕೇಳಿ ತಂದ ದೋಣಿಗೆ ಸಿಕ್ಕಿಸಿ ಹಗ್ಗ ಎಳೆದರೆ ಮದುಮಗನ ಹಾಗೆ ಹೊರಡುತ್ತಿತ್ತು. ನಡುನೀರು ಬಂತೋ, ಬಿಕ್ಕಳಿಕೆ ಶುರು. ಆಮೇಲೆ ಕೆಮ್ಮು, ಆಮೇಲೆ ಮೌನ. ಸ್ವಲ್ಪ ಹೊತ್ತು ಅದರ ಪಾಡಿಗೆ ಬಿಟ್ಟರೆ ಏನೂ ಆಗದವರಂತೆ ಮತ್ತೆ ಚಾಲೂ! ಮಾವ ಪ್ಲಗ್ಗು ಬದಲಿಸಿದರು, ಕಾರ್ಬೊರೇಟರ್ ಬಿಚ್ಚಿ ತೊಳೆದರು, ಪೆಟ್ರೋಲನ್ನು ತಮ್ಮ ಮದುವೆಯ ಪಂಚೆಯಲ್ಲಿ ಸೋಸಿದರು, ಕೊನೆಗೆ ನಿಂಬೆಹಣ್ಣನ್ನೂ ಕಟ್ಟಿದರು. ನಾನು ಚನ್ನಗಿರಿಯವನು, ಕೆರೆಗೆ ಹತ್ತಿರದವನು ಎಂಬ ಒಂದೇ ತಪ್ಪಿಗೆ ಪ್ರತಿ ಸಲವೂ ಜೊತೆಗಿರಬೇಕಿತ್ತು. ಮಾವ ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿಗೂ ಹಿಡಿಯನ್ನು ಕಿವಿಗೂ ಇಟ್ಟುಕೊಂಡು, ಸದ್ದಾಗುತ್ತದೆ, ನೀನು ಉಸಿರಾಡಬೇಡ ಅನ್ನುತ್ತಿದ್ದರು!

ನ್ಯಾಮತಿಯಿಂದ ಹೊನ್ನಾಳಿ ಮೇಲೆ ಬಸ್ಸಿನಲ್ಲಿ ಅದನ್ನು ಕಂಬಳಿ ಹೊದಿಸಿ ತರುತ್ತಿದ್ದರು. ಒಮ್ಮೆ ಕಂಡಕ್ಟರು ಲಗೇಜಿನ ಟಿಕೆಟ್ ಕೇಳಿದಾಗ, ಇದು ಲಗೇಜಲ್ಲ, ಪೇಶೆಂಟು ಅಂದರಂತೆ. ಹಂಗಾದರೆ ಫುಲ್ ಟಿಕೆಟ್ ತಗೊಳ್ಳಿ ಅಂದ ಆ ಪುಣ್ಯಾತ್ಮ. ಮಾವ ತಗೊಂಡರು! ತಗೊಂಡು, ಪೇಶೆಂಟನ್ನು ಕಿಟಕಿ ಪಕ್ಕ ಕೂರಿಸಿದರು.

ಆದರೆ ಒಂದು ಮಾತು. ಸೋತು ಮನೆಗೆ ಬಂದಾಗ ಮಾವ ಮೋಟಾರಿನ ಸುದ್ದಿ ಎತ್ತುತ್ತಿರಲಿಲ್ಲ. ಗುಡ್ಡ ನೀರಿನಲ್ಲಿ ತಲೆಕೆಳಗಾಗಿ ಮಲಗಿದ್ದು, ದೋಣಿಯ ಅಡಿಯಲ್ಲೇ ಮೋಡ ಹಾದುಹೋದದ್ದು, ದಡದಲ್ಲಿ ಯಾರೋ ಬಟ್ಟೆ ಒಗೆಯುವ ಸದ್ದು ತಡವಾಗಿ, ನಿದ್ದೆಯಲ್ಲಿ ಕೇಳಿದಂತೆ ಬಂದದ್ದು, ಇವನ್ನೇ ಹೇಳುತ್ತಿದ್ದರು. ಅತ್ತೆ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಕೇಳುತ್ತಿದ್ದರು.

ಒಂದು ದಿನ ಮಾವ ಆ ಬಿಕ್ಕಳಿಕೆಯನ್ನು ಫೋನಿನಲ್ಲಿ ಹಿಡಿದು ತಂದು ಅಡುಗೆಮನೆಯಲ್ಲಿ ನನಗೆ ಕೇಳಿಸುತ್ತಿದ್ದರು. ಅತ್ತೆ ಒಲೆಯ ಮುಂದಿನಿಂದಲೇ ಅಂದರು, "ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದ್ರೆ ಹಿಂಗೇ ಅಲ್ಲೇನ್ರೀ ಬಿಕ್ಕೋದು? ಗಾಳಿ ಹೋಗಾಕೆ ಇನ್ನೊಂದು ತೂತು ಎಲ್ಲೈತೆ?"

ಮಾವನ ಮುಖ ನೋಡಬೇಕಿತ್ತು! ತೂತು ಇತ್ತು. ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಮೇಲೆ, ಗಾಳಿಗೆಂದೇ ಇಟ್ಟ ಪುಟ್ಟ ಸ್ಕ್ರೂ. ಮುಚ್ಚಳ ಸಡಿಲ ಬಿಟ್ಟರೆ ಪೆಟ್ರೋಲು ಹಾರಿಹೋಗುತ್ತದೆ ಅಂತ ಪಂಪ್‌ಸೆಟ್ಟಿನ ರೈತರನ್ನು ಜೀವಮಾನವಿಡೀ ಬೈದ ಕೈ, ಅಭ್ಯಾಸಬಲದಿಂದ ಅದನ್ನೂ ಇಕ್ಕಳ ಹಾಕಿ ಬಿಗಿದಿತ್ತು. ಗಾಳಿ ಒಳಗೆ ಹೋಗದೆ ಪೆಟ್ರೋಲು ಇಳಿಯುವುದು ಹೇಗೆ?

ಮರುದಿನ ಸ್ಕ್ರೂ ಸಡಿಲಿಸಿ ಹೊರಟರೆ, ಆಚೆ ದಡಕ್ಕೆ ಹೋಗಿ ಬಂದರೂ ಒಂದು ಬಿಕ್ಕಳಿಕೆಯಿಲ್ಲ! ಅತ್ತೆ ಕೊಟ್ಟ ಮಾತಿನಂತೆ ಸೆರಗು ಸಿಕ್ಕಿಸಿ, ನನ್ನ ತೋಳು ನೀಲಿಗಟ್ಟುವ ಹಾಗೆ ಹಿಡಿದು ದೋಣಿ ಹತ್ತಿದರು. ಮಾವ ಕುದುರೆ ಏರಿದ ಪಾಳೇಗಾರರ ಹಾಗೆ ಕೂತು ಓಡಿಸಿದರು. ನಡುನೀರಿಗೆ ಬಂದಾಗ ಅತ್ತೆ ಅವರ ಬೆನ್ನು ತಟ್ಟಿದರು.

"ರೀ, ಆ ತೂತು ಮುಚ್ಚಿಬಿಡ್ರಿ."

ಮಾವ ಬೆಚ್ಚಿ, ಯಾಕೆ ಅಂದರು.

"ಅದು ನಿಂತಾಗ ಅಲ್ಲೇನು ನೀವು ಅದೆಲ್ಲ ಕಂಡಿದ್ದು? ನನಗೂ ಹಂಗೇ ನಿಲ್ಲಿಸಿ ತೋರಿಸ್ರಿ."

ಮಾವ ಸ್ಕ್ರೂ ಬಿಗಿದರು. ಸ್ವಲ್ಪ ದೂರ ಹೋಗಿ ಮೋಟಾರು ಬಿಕ್ಕಳಿಸಿತು, ಕೆಮ್ಮಿತು, ಸುಮ್ಮನಾಯಿತು. ಅಲೆಗಳು ನಿಧಾನಕ್ಕೆ ಮಲಗಿದವು. ಗುಡ್ಡ ನೀರಿಗಿಳಿಯಿತು. ಅತ್ತೆ ನನ್ನ ತೋಳು ಬಿಟ್ಟು, ಹೆದರಿಕೆ ಮರೆತು, ಬಾಗಿ ನೋಡುತ್ತಲೇ ಇದ್ದರು.

"ಅಲ್ಲಿ ಬೆಳ್ಳಗೆ ಐತಲ್ಲ, ಮೋಡನೋ ಕೊಕ್ಕರೆನೋ?" ಅಂತ ಕೇಳಿದರು.

ಮಾವ ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡು, "ನಂಗೂ ಮಂಜಾಗೇ ಕಾಣ್ತೈತೆ ಬಿಡೇ" ಅಂದರು.

ಸ್ಕ್ರೂ ಸಡಿಲಿಸುವ ಆತುರ ಯಾರಿಗೂ ಇರಲಿಲ್ಲ.